ಗಾಳಿಯ ಲೆಕ್ಕ

ಸುಗ್ಗಿಯ ಕಾಲದಲ್ಲಿ ಕಣದಲ್ಲಿ ರಾಶಿ ತೂರುವ ರೈತನು ಬರಿಯ ನೆಲದ ಮೇಲೆ ನಿಂತು ತೂರುತ್ತಿರಲಿಲ್ಲ. ಮೂರು ಕಾಲಿನ ಎತ್ತರದ ಮಣೆಯೊಂದನ್ನು ಇರಿಸಿ, ಅದನ್ನು ಹತ್ತಿ ನಿಂತು, ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ, ಧಾನ್ಯವನ್ನು ಸಣ್ಣ ಧಾರೆಯಾಗಿ ಸುರಿಯುತ್ತಿದ್ದನು. ಗಟ್ಟಿ ಕಾಳು ನೇರವಾಗಿ ಕೆಳಗೆ ಬೀಳುತ್ತಿತ್ತು. ಜೊಳ್ಳೂ ಹೊಟ್ಟೂ ಗಾಳಿಯೊಡನೆ ದೂರ ಸರಿಯುತ್ತಿದ್ದುವು. ಯಂತ್ರಗಳು ಬಂದ ಮೇಲೆ ಈ ದೃಶ್ಯ ಅಪರೂಪವಾಗಿದೆ. ಎತ್ತರದಿಂದ ಬೀಳುವ ಕಾಳಿಗೂ ಹೊಟ್ಟಿಗೂ ಬೇರ್ಪಡಲು ಹೆಚ್ಚು ಅವಕಾಶ ದೊರೆಯುತ್ತದೆ ಎಂಬುದು ಆ ಮಣೆಯ ಒಂದು ಪ್ರಯೋಜನ. ಮತ್ತೊಂದು ಪ್ರಯೋಜನವೂ ಉಂಟು. ಪಾದದ ಬಳಿ ಒಣ ಎಲೆಯೂ ಅಲುಗದಿರುವಾಗ ಎರಡಾಳೆತ್ತರದಲ್ಲಿ ತೂರಲು ಸಾಕಾಗುವಷ್ಟು ಗಾಳಿ ಬೀಸುತ್ತಿರುತ್ತದೆ. ಯಾವ ಗ್ರಂಥವನ್ನೂ ಓದದೆ ರೈತನು ಕಂಡುಕೊಂಡಿದ್ದ ಈ ಎರಡನೆಯ ಸಂಗತಿಯೇ ಇಂದು ಅಣು ವಿದ್ಯುತ್ ಸ್ಥಾವರಗಳ ಸುತ್ತ ವಾಸಿಸುವ ಜನರ ಕ್ಷೇಮಕ್ಕೆ ಸಂಬಂಧಿಸಿದ ಒಂದು ಶಾಸ್ತ್ರವಾಗಿ ಬೆಳೆದಿದೆ.

ನೆಲದ ಬಳಿ ಗಾಳಿ ಏಕೆ ಮಂದವಾಗಿರುತ್ತದೆ? ಹರಿಯುವ ಹೊಳೆಯನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ. ಹೊಳೆಯ ನಡುವೆ ನೀರು ಸೆಳೆತದಿಂದ ಓಡುತ್ತದೆ. ದಡದ ಬೇರುಗಳ ನಡುವೆ, ತಳದ ಕಲ್ಲುಗಳ ಮಗ್ಗುಲಲ್ಲಿ ಅದರ ನಡೆ ತಗ್ಗುತ್ತದೆ. ವಾಯುಮಂಡಲವೂ ಒಂದು ಹೊಳೆಯೇ. ನಾವು ಅದರ ತಳದಲ್ಲಿ ವಾಸಿಸುವವರು. ಹುಲ್ಲು, ಬೇಲಿ, ಮರ, ಮನೆ ಇವೆಲ್ಲವೂ ಗಾಳಿಯನ್ನು ತಡೆದು ಅದರ ವೇಗವನ್ನು ಕಸಿದುಕೊಳ್ಳುತ್ತವೆ. ಕೆರೆಯ ನೀರಿನ ಮೇಲೆ ಈ ತಡೆ ಅತ್ಯಲ್ಪ. ಗದ್ದೆಯ ಪೈರಿನ ಮೇಲೆ ಅದಕ್ಕಿಂತ ಹೆಚ್ಚು. ಕಾಡಿನ ಮೇಲೆ ಬಹಳ ಹೆಚ್ಚು. ಎತ್ತರಕ್ಕೆ ಹೋದಂತೆಲ್ಲ ತಡೆಯ ಪ್ರಭಾವ ಕುಗ್ಗಿ ವೇಗ ಏರುತ್ತದೆ. ಈ ಏರಿಕೆಯನ್ನು ಕಾಗದದ ಮೇಲೆ ಗುರುತಿಸಿದರೆ ಒಂದು ಬಾಗಿದ ರೇಖೆ ದೊರೆಯುತ್ತದೆ. ಅದನ್ನು ಪವನರೇಖೆ ಎಂದು ಕರೆಯೋಣ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯ ಪ್ರಾಂಟ್ಲ್ ಮತ್ತು ಹಂಗೆರಿಯಲ್ಲಿ ಹುಟ್ಟಿದ ಫಾನ್ ಕಾರ್ಮಾನ್ ಈ ಬಾಗಿನಲ್ಲಿ ಒಂದು ನಿಯಮವಿರುವುದನ್ನು ತೋರಿಸಿದರು. ಮೋಡ ಕವಿದ, ಗಾಳಿ ಚೆನ್ನಾಗಿ ಬೀಸುವ ದಿನ ಬಯಲಿನಲ್ಲಿ ಅಳೆದರೆ, 1 ಮೀಟರಿನಿಂದ 10 ಮೀಟರಿಗೆ ಏರುವಾಗ ವೇಗ ಎಷ್ಟು ಹೆಚ್ಚುವುದೋ 10 ಮೀಟರಿನಿಂದ 100 ಮೀಟರಿಗೆ ಏರುವಾಗಲೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಎಂದರೆ, ಬದಲಾವಣೆಯ ಬಹುಪಾಲು ನಮ್ಮ ತಲೆಯ ಮೇಲಣ ಕೆಲವೇ ಮಾರುಗಳಲ್ಲಿ ನಡೆದುಹೋಗುತ್ತದೆ.

ಆದರೆ ಪ್ರಕೃತಿ ಸದಾ ಮೋಡ ಕವಿದಿರುವುದಿಲ್ಲ. ಮಲೆನಾಡಿನ ತೋಟದ ಮನೆಗಳಲ್ಲಿ ಅಡಕೆ ಬೇಯಿಸುವ ದಿನಗಳನ್ನು ನೆನೆಯಿರಿ. ನಡುಹಗಲಿನಲ್ಲಿ ಒಲೆಯ ಹೊಗೆ ಸುರುಳಿ ಸುರುಳಿಯಾಗಿ ಮೇಲೆದ್ದು, ತೆಂಗಿನ ತಲೆಯನ್ನು ದಾಟುವಷ್ಟರಲ್ಲಿ ಚೆದರಿ ಕಾಣದಂತಾಗುತ್ತದೆ. ಅದೇ ಹೊಗೆ ಹೊತ್ತು ಮುಳುಗಿದ ಮೇಲೆ ಮನೆಯ ಮಾಡಿನಿಂದ ತುಸು ಮೇಲಕ್ಕೆ ಹೋಗಿ, ಅಲ್ಲಿ ಯಾರೋ ತಡೆದಂತೆ ನಿಂತು, ಕಣಿವೆಯುದ್ದಕ್ಕೂ ತೆಳುವಾದ ಹೊದಿಕೆಯಾಗಿ ಹಾಸಿಕೊಳ್ಳುತ್ತದೆ. ಹಗಲು ಬಿಸಿಲಿಗೆ ಕಾದ ನೆಲವು ತನ್ನ ಮೇಲಿನ ಗಾಳಿಯನ್ನು ಕಾಯಿಸಿ ಮೇಲಕ್ಕೆ ಅಟ್ಟುವುದರಿಂದ ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಕಡೆದ ಮಜ್ಜಿಗೆಯಂತೆ ಬೆರೆಯುತ್ತವೆ. ರಾತ್ರಿ ನೆಲ ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿ ತಂಪಾಗಿ ಭಾರವಾಗಿ ಕೆಳಗೇ ಕುಳಿತುಬಿಡುತ್ತದೆ. ಬೆಚ್ಚನೆಯ ಗಾಳಿ ಅದರ ಮೇಲೆ ತೇಲುತ್ತದೆ. ಮೇಲೆ ಹೋದಂತೆ ಗಾಳಿ ತಣ್ಣಗಾಗಬೇಕೆಂಬುದು ಸಾಮಾನ್ಯ ಕ್ರಮ; ಇಲ್ಲಿ ಆ ಕ್ರಮ ತಲೆಕೆಳಗಾಗುವುದರಿಂದ ಇದಕ್ಕೆ ತಾಪ ವಿಪರ್ಯಯ ಎಂದು ಹೆಸರು. ಆಗ ಪದರಗಳು ಬೆರೆಯುವುದಿಲ್ಲ. ಕೆಳಗಿನ ಪದರದ ತಡೆಯ ಹಂಗಿಲ್ಲದೆ ಮೇಲಿನ ಗಾಳಿ ಜಾರುಬಂಡೆಯ ಮೇಲೆ ಜಾರಿದಂತೆ ವೇಗವಾಗಿ ಸಾಗುತ್ತದೆ. ಅದರ ದಿಕ್ಕು ಕೂಡ ಕೆಳಗಿನ ಗಾಳಿಯ ದಿಕ್ಕಿಗಿಂತ ಬೇರೆಯಾಗಿರಬಹುದು.

ಇದನ್ನು ಅಂಕಿಗಳಲ್ಲಿ ನೋಡೋಣ. 10 ಮೀಟರ್ ಎತ್ತರದಲ್ಲಿ ಗಾಳಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಸುತ್ತಿದೆ ಎಂದಿಟ್ಟುಕೊಳ್ಳೋಣ. ಬಯಲಿನಲ್ಲಿ ಸಾಮಾನ್ಯ ಹವೆಯ ದಿನ 100 ಮೀಟರ್ ಎತ್ತರದಲ್ಲಿ ಅದು ಸುಮಾರು 4 ಮೀಟರ್ ಆಗಿರುತ್ತದೆ. ತಿಳಿಯಾದ ರಾತ್ರಿಯಲ್ಲಾದರೆ ಅದೇ ಎತ್ತರದಲ್ಲಿ 7.5 ಮೀಟರ್ ಆಗಿರಬಹುದು. ಆ ಎತ್ತರದಿಂದ ಹೊರಟ ಅನಿಲವೊಂದು 15 ಕಿಲೋಮೀಟರ್ ದೂರದ ಹಳ್ಳಿಯ ಮೇಲಕ್ಕೆ ಬರಲು ಎಷ್ಟು ಹೊತ್ತು ಬೇಕು? ಕೆಳಗಿನ ಮಾಪಕವನ್ನು ನಂಬಿದವನು 83 ನಿಮಿಷ ಎಂದು ಹೇಳುತ್ತಾನೆ. ನಿಜವಾಗಿ ಅದು 33 ನಿಮಿಷಗಳಲ್ಲಿ ಬಂದಿರುತ್ತದೆ. ಈ 50 ನಿಮಿಷಗಳಲ್ಲಿ ಒಂದು ಊರಿನ ಮಕ್ಕಳನ್ನೆಲ್ಲ ಮನೆಯೊಳಗೆ ಕರೆದು ಕದ ಹಾಕಬಹುದು.

ಅಣು ವಿದ್ಯುತ್ ಸ್ಥಾವರಕ್ಕೂ ಗಾಳಿಗೂ ಏನು ಸಂಬಂಧವೆಂದು ಈಗ ಕೇಳಬಹುದು. ಅಲ್ಲಿ ಕಲ್ಲಿದ್ದಲು ಉರಿಯುವುದಿಲ್ಲ; ಹೊಗೆಯೂ ಏಳುವುದಿಲ್ಲ. ಆದರೂ ಸ್ಥಾವರದ ಮಗ್ಗುಲಲ್ಲಿ ಎತ್ತರವಾದ ಚಿಮಣಿಯೊಂದು ಇರುತ್ತದೆ. ಕಟ್ಟಡಗಳೊಳಗಿನ ಗಾಳಿಯನ್ನು ಸೋಸಿ, ಅದರಲ್ಲಿ ಉಳಿಯುವ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ಅಳೆದು, ಆ ಚಿಮಣಿಯ ಮೂಲಕ ಹೊರಬಿಡುತ್ತಾರೆ. ನಮ್ಮ ದೇಶದಲ್ಲಿ ಇದರ ಮಿತಿಯನ್ನು ಗೊತ್ತುಪಡಿಸುವುದು 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಸ್ಥಾವರದ ನೆರೆಯ ಯಾವ ವ್ಯಕ್ತಿಗೂ ಅದರ ಕಾರಣದಿಂದ ವರ್ಷಕ್ಕೆ 1 ಮಿಲಿಸೀವರ್ಟಿಗಿಂತ ಹೆಚ್ಚು ವಿಕಿರಣ ತಗುಲಬಾರದೆಂಬುದು ನಿಯಮ. ಬೇಲಿಯಾಚೆಯ ಪ್ರತಿಯೊಂದು ಮನೆಯಲ್ಲೂ ಮಾಪಕವನ್ನಿಟ್ಟು ಈ ನಿಯಮದ ಪಾಲನೆಯನ್ನು ನೋಡಲಾಗುವುದಿಲ್ಲ. ಚಿಮಣಿಯಿಂದ ಎಷ್ಟು ಹೊರಟಿತು, ಗಾಳಿ ಅದನ್ನು ಎತ್ತ ಒಯ್ದು ಎಷ್ಟು ತೆಳುಮಾಡಿತು ಎಂದು ಲೆಕ್ಕ ಹಾಕಿಯೇ ತಿಳಿಯಬೇಕು. ಮೊದಲನೆಯದನ್ನು ಯಂತ್ರಶಾಸ್ತ್ರಜ್ಞನು ಅಳೆಯುತ್ತಾನೆ. ಎರಡನೆಯದಕ್ಕೆ ಪವನರೇಖೆ ಬೇಕು. ಗಾಳಿಯ ವೇಗ ಇಮ್ಮಡಿಯಾದರೆ ಅನಿಲದ ಸಾಂದ್ರತೆ ಅರ್ಧಕ್ಕೆ ಇಳಿಯುತ್ತದೆ. ಪದರಗಳು ಬೆರೆಯುವ ಬಿಸಿಲಿನ ಹೊತ್ತಿನಲ್ಲಿ ಇನ್ನಷ್ಟು ಇಳಿಯುತ್ತದೆ. ರಾತ್ರಿಯೆಲ್ಲ ಎತ್ತರದಲ್ಲಿ ತೇಲಿ ಹೋಗುತ್ತಿದ್ದ ಅನಿಲವು ಬೆಳಗಿನ ಬಿಸಿಲು ನೆಲವನ್ನು ಕಾಯಿಸತೊಡಗಿದಾಗ ಒಮ್ಮೆಗೇ ಕೆಳಕ್ಕೆ ಇಳಿಯುವುದೂ ಉಂಟು. ಆದುದರಿಂದ ಇರುಳು ಕಳೆಯಿತೆಂದು ಎಚ್ಚರ ತಪ್ಪುವಂತಿಲ್ಲ.

ಇದು ನಿತ್ಯದ ಮಾತು. ಅಪಘಾತದ ದಿನ ಈ ಲೆಕ್ಕಕ್ಕೆ ಬೇರೆಯದೇ ಬೆಲೆ ಬರುತ್ತದೆ. 1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಾಯವ್ಯ ಕರಾವಳಿಯ ವಿಂಡ್‌ಸ್ಕೇಲ್ ಎಂಬಲ್ಲಿ ಪರಮಾಣು ರಿಯಾಕ್ಟರೊಂದಕ್ಕೆ ಬೆಂಕಿ ಬಿದ್ದಿತು. ಚಿಮಣಿಯ ತುದಿಯಲ್ಲಿ ಸೋಸುಕಗಳನ್ನು ಇರಿಸಲೇಬೇಕೆಂದು ಸರ್ ಜಾನ್ ಕಾಕ್‌ಕ್ರಾಫ್ಟ್ ಹಟ ಹಿಡಿದಾಗ ಅದನ್ನು ಹಣದ ದುಂದೆಂದು ಹಾಸ್ಯ ಮಾಡಿದವರಿದ್ದರು. ಬೆಂಕಿಯ ದಿನ ಆ ಸೋಸುಕಗಳೇ ಬಹಳಷ್ಟನ್ನು ತಡೆದುವು. ಆದರೂ ಅಯೋಡಿನ್ 131 ಎಂಬ ವಸ್ತು ತಪ್ಪಿಸಿಕೊಂಡಿತು. ಗಾಳಿಯಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ಮಗುವಿನ ಕೊರಳಿನ ಥೈರಾಯಿಡ್ ಗ್ರಂಥಿಗೆ ಅದು ಪ್ರಯಾಣ ಮಾಡುತ್ತದೆ. ಎಂಟು ದಿನಗಳಿಗೊಮ್ಮೆ ಅದರ ಶಕ್ತಿ ಅರ್ಧವಾಗುವುದರಿಂದ ಕೆಲವು ವಾರ ಹಾಲನ್ನು ಕುಡಿಯದಿದ್ದರೆ ಅಪಾಯ ಕಳೆಯುತ್ತದೆ. ಅಧಿಕಾರಿಗಳು ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಿಸಿದರು. ಆ ಪ್ರದೇಶವು ಸ್ಥಾವರದ ಸುತ್ತ ಬಳೆಯಂತೆ ದುಂಡಾಗಿರಲಿಲ್ಲ. ಸಮುದ್ರದ ಅಂಚಿನಗುಂಟ ದಕ್ಷಿಣಕ್ಕೆ ಚಾಚಿದ ನೀಳವಾದ ಪಟ್ಟಿಯಾಗಿತ್ತು. ಗಾಳಿಗೆ ವೃತ್ತ ಬರೆಯುವ ಅಭ್ಯಾಸವಿಲ್ಲ.

ಈ ವಿದ್ಯೆಯ ಹುಟ್ಟು ವಿಚಿತ್ರವಾದುದು. 1912ರಲ್ಲಿ ಟೈಟಾನಿಕ್ ಹಡಗು ಹಿಮದ ಗಡ್ಡೆಗೆ ತಾಗಿ ಮುಳುಗಿದ ಮರುವರ್ಷ, ಅಂಥ ಗಡ್ಡೆಗಳ ಮೇಲೆ ಕಣ್ಣಿಡಲು ಸ್ಕೋಷಿಯಾ ಎಂಬ ಹಡಗನ್ನು ಉತ್ತರ ಅಟ್ಲಾಂಟಿಕ್ ಸಾಗರಕ್ಕೆ ಕಳುಹಿಸಿದರು. ಜಿ. ಐ. ಟೇಲರ್ ಎಂಬ ತರುಣ ವಿಜ್ಞಾನಿ ಅದರಲ್ಲಿದ್ದನು. ಆತನು ಉಪಕರಣಗಳನ್ನು ಕಟ್ಟಿದ ಗಾಳಿಪಟಗಳನ್ನು ಹಡಗಿನಿಂದ ಹಾರಿಸಿ, ತಣ್ಣನೆಯ ಕಡಲಿನ ತಂಪು ಗಾಳಿಯ ಸುಳಿಗಳ ಮೂಲಕ ಮೇಲಕ್ಕೆ ಹೇಗೆ ಹರಡುತ್ತದೆಂಬುದನ್ನು ಅರಿತನು. ಇಷ್ಟು ನಿರುಪದ್ರವಿಯಾಗಿ ಆರಂಭವಾದ ಅಧ್ಯಯನವನ್ನು ಯುದ್ಧವು ಕೂಡಲೇ ತನ್ನ ಕೈಗೆ ತೆಗೆದುಕೊಂಡಿತು. 1915ರ ಏಪ್ರಿಲಿನಲ್ಲಿ ಈಪ್ರ್ ಎಂಬಲ್ಲಿ ಜರ್ಮನರು ಅನುಕೂಲವಾದ ಗಾಳಿಗಾಗಿ ಕಾದು ಕ್ಲೋರಿನ್ ವಿಷವಾಯುವನ್ನು ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೂಸ್ ಎಂಬಲ್ಲಿ ಬ್ರಿಟಿಷರು ಬಿಟ್ಟ ವಿಷವಾಯು ಕೆಲವೆಡೆ ಅವರ ಸೈನಿಕರ ಮೇಲೆಯೇ ತಿರುಗಿ ಬಂದಿತು. ಆ ಬಳಿಕ ನೆಲದ ಬಳಿಯ ಗಾಳಿಯನ್ನು ಅರಿಯುವ ಕೆಲಸ ಇಂಗ್ಲೆಂಡಿನ ಪೋರ್ಟನ್ ಎಂಬಲ್ಲಿ ಸೇನೆಯ ಕಾವಲಿನಲ್ಲಿ ನಡೆಯಿತು. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಶಾಂತಿವಾದಿ ವಿಜ್ಞಾನಿ, ಗಾಳಿ ಯಾವಾಗ ಬೆರೆಯುತ್ತದೆ, ಯಾವಾಗ ಪದರವಾಗಿ ನಿಲ್ಲುತ್ತದೆ ಎಂಬುದನ್ನು ಅಳೆಯುವ ಸಂಖ್ಯೆಯನ್ನು ಕಂಡುಹಿಡಿದವನು; ಇಂದಿಗೂ ಆ ಸಂಖ್ಯೆಗೆ ಅವನದೇ ಹೆಸರು. ತನ್ನ ವಿದ್ಯೆ ವಿಷವಾಯುವಿನ ಪ್ರಯೋಗಕ್ಕೆ ನೆರವಾಗುತ್ತದೆಂದು ತಿಳಿದಾಗ ಅವನು ಆ ಅಧ್ಯಯನವನ್ನೇ ತೊರೆದನು. ಕೊಲ್ಲಲೆಂದು ಬೆಳೆಸಿದ ಈ ಜ್ಞಾನವನ್ನು ಕಾಯುವುದಕ್ಕೆ ತಿರುಗಿಸಿದವರಲ್ಲಿ ಪೋರ್ಟನ್ನಿನಲ್ಲಿಯೇ ಕೆಲಸ ಮಾಡಿದ್ದ ಫ್ರಾಂಕ್ ಪಾಸ್ಕ್ವಿಲ್ ಮುಖ್ಯನು. 1961ರಲ್ಲಿ ಆತನು 10 ಮೀಟರ್ ಎತ್ತರದ ಗಾಳಿಯ ವೇಗ, ಹಗಲಿನ ಬಿಸಿಲು, ಇರುಳಿನ ಮೋಡ ಇವಿಷ್ಟರ ಆಧಾರದಿಂದ ವಾಯುಮಂಡಲವನ್ನು ಆರು ವರ್ಗಗಳಾಗಿ ವಿಂಗಡಿಸುವ ಸುಲಭ ಕ್ರಮವನ್ನು ಪ್ರಕಟಿಸಿದನು. ಅಮೆರಿಕದ ನೆಬ್ರಾಸ್ಕದ ಹುಲ್ಲುಗಾವಲಿನಲ್ಲಿ 1956ರ ಬೇಸಗೆಯಲ್ಲಿ ಗಂಧಕದ ಅನಿಲವನ್ನು ಸುಮಾರು 70 ಸಲ ಹೊರಬಿಟ್ಟು, 50 ಮೀಟರಿನಿಂದ 800 ಮೀಟರಿನವರೆಗೆ ಕಮಾನುಗಳ ಸಾಲಿನಲ್ಲಿ ನಿಲ್ಲಿಸಿದ ಉಪಕರಣಗಳಿಂದ ಹಿಡಿದು ಅಳೆದ ಪ್ರಯೋಗವೂ ಇಂಥ ಲೆಕ್ಕಗಳಿಗೆ ದೃಢವಾದ ತಳಹದಿಯನ್ನು ಒದಗಿಸಿತು.

ಗಾಳಿಯನ್ನು ಅಳೆಯುವ ಉಪಕರಣ ನೋಡಲು ಆಟಿಕೆಯಂತಿದೆ. ಅಡ್ಡ ಕಡ್ಡಿಗಳ ತುದಿಯಲ್ಲಿ ಅರೆಗೋಳದ ಬಟ್ಟಲುಗಳು. ಗಾಳಿ ಬೀಸಿದಾಗ ಅವು ಗಿರಗಿರನೆ ತಿರುಗುತ್ತವೆ. ಐರ್ಲೆಂಡಿನ ಆರ್ಮಾ ವೀಕ್ಷಣಾಲಯದ ರಾಬಿನ್‌ಸನ್ ಎಂಬ ಖಗೋಳಜ್ಞನು 1846ರಲ್ಲಿ ನಾಲ್ಕು ಬಟ್ಟಲುಗಳಿಂದ ಇದನ್ನು ರಚಿಸಿದನು. ಈಗ ಮೂರು ಬಟ್ಟಲುಗಳು ರೂಢಿಯಲ್ಲಿವೆ. ಬಟ್ಟಲುಗಳು ಸದಾ ಗಾಳಿಯ ವೇಗದ ಮೂರರಲ್ಲಿ ಒಂದು ಪಾಲು ವೇಗದಿಂದ ತಿರುಗುತ್ತವೆ ಎಂದು ರಾಬಿನ್‌ಸನ್ ನಂಬಿದ್ದನು. ಅದು ಅಷ್ಟು ಸರಳವಲ್ಲವೆಂದು ಮುಂದಿನವರು ತೋರಿಸಿದರು. ಬಟ್ಟಲುಗಳು ಗಾಳಿ ಜೋರಾದಾಗ ಬೇಗ ವೇಗ ಪಡೆಯುತ್ತವೆ, ತಗ್ಗಿದಾಗ ತಡವಾಗಿ ವೇಗ ಬಿಡುತ್ತವೆ. ಆದುದರಿಂದ ಬಿರುಸಾಗಿ ಏರಿಳಿಯುವ ಗಾಳಿಯನ್ನು ಇದ್ದುದಕ್ಕಿಂತ ಹೆಚ್ಚೆಂದು ಹೇಳುತ್ತವೆ. ತೀರ ಮೆಲ್ಲನೆಯ ಗಾಳಿಗೆ ಅವು ತಿರುಗುವುದೇ ಇಲ್ಲ. ಅನಿಲವು ಚೆದರದೆ ನಿಲ್ಲುವುದು ಇಂಥ ಮೆಲ್ಲನೆಯ ಗಾಳಿಯಲ್ಲಿಯೇ. ಹೀಗೆ, ಯಾವ ಹೊತ್ತಿನಲ್ಲಿ ಅಳತೆ ಅತ್ಯಗತ್ಯವೋ ಆ ಹೊತ್ತಿನಲ್ಲಿಯೇ ಉಪಕರಣ ಮೌನ ತಾಳುತ್ತದೆ. ಈ ಕೊರತೆಯನ್ನು ನೀಗಿಸಲು ತಿರುಗುವ ಭಾಗವೇ ಇಲ್ಲದ, ಶಬ್ದದ ಅಲೆ ಎರಡು ತುದಿಗಳ ನಡುವೆ ಸಾಗುವ ಕಾಲದಿಂದ ಗಾಳಿಯನ್ನು ಅರಿಯುವ ಮಾಪಕಗಳು ಬಂದಿವೆ. ನೆಲದಿಂದ ಶಬ್ದವನ್ನು ಮೇಲಕ್ಕೆ ಕಳುಹಿಸಿ, ಗಾಳಿಯ ಸುಳಿಗಳಿಂದ ಮರಳಿ ಬರುವ ಮೆಲುದನಿಯನ್ನು ಆಲಿಸಿ, ನೂರಾರು ಮೀಟರ್ ಎತ್ತರದ ಪವನರೇಖೆಯನ್ನು ಬರೆಯುವ ಸೋಡಾರ್ ಎಂಬ ಸಾಧನವೂ ಬಳಕೆಯಲ್ಲಿದೆ.

ಮಾಪಕವನ್ನು ಎಲ್ಲಿ ಇರಿಸಬೇಕೆಂಬುದು ಮಾಪಕದಷ್ಟೇ ಮುಖ್ಯ. ಬಯಲಿನಲ್ಲಿ, 10 ಮೀಟರ್ ಎತ್ತರದಲ್ಲಿ ಅಳೆಯಬೇಕೆಂಬುದು ಲೋಕಸಮ್ಮತವಾದ ಪದ್ಧತಿ. ಹತ್ತಿರದ ಮರವೋ ಕಟ್ಟಡವೋ ತನ್ನ ಎತ್ತರದ ಹತ್ತು ಪಾಲಾದರೂ ದೂರವಿರಬೇಕು. ಸ್ಥಾವರದ ಬಳಿ ಇದೊಂದೇ ಸಾಲದು. ಎತ್ತರವಾದ ಕಬ್ಬಿಣದ ಗೋಪುರವನ್ನು ನಿಲ್ಲಿಸಿ, ಅದರ ಹಲವು ಹಂತಗಳಲ್ಲಿ ಉದ್ದನೆಯ ತೋಳುಗಳನ್ನು ಚಾಚಿ, ಆ ತೋಳುಗಳ ತುದಿಯಲ್ಲಿ ವೇಗಮಾಪಕವನ್ನೂ ದಿಕ್ಕುಸೂಚಿಯನ್ನೂ ಉಷ್ಣತಾಮಾಪಕವನ್ನೂ ಇರಿಸುತ್ತಾರೆ. ಗೋಪುರವೇ ಗಾಳಿಯನ್ನು ತಡೆಯುವುದರಿಂದ ತೋಳು ಅದರ ಅಗಲಕ್ಕಿಂತ ಉದ್ದವಾಗಿರಬೇಕು. ಉಷ್ಣತಾಮಾಪಕಕ್ಕೆ ಬಿಸಿಲು ತಾಗಬಾರದು. ಎರಡು ಹಂತಗಳ ನಡುವಣ ಉಷ್ಣತೆಯ ವ್ಯತ್ಯಾಸ ಒಂದು ಡಿಗ್ರಿಯ ಕೆಲವು ಅಂಶಗಳಷ್ಟು ಮಾತ್ರ ಇರಬಹುದು. ಆದರೆ ಆ ಕೆಲವು ಅಂಶಗಳಿಂದಲೇ ಇಂದಿನ ಇರುಳು ಬೆರೆಸುವ ಇರುಳೋ ಕಟ್ಟಿಹಾಕುವ ಇರುಳೋ ಎಂದು ತಿಳಿಯುವುದು.

ನಮ್ಮ ರಾಜ್ಯದ ಕೈಗಾ ಅಣು ವಿದ್ಯುತ್ ಸ್ಥಾವರವನ್ನು ಈ ದೃಷ್ಟಿಯಿಂದ ನೋಡಿದರೆ ಸಮಸ್ಯೆಯ ಜಟಿಲತೆ ಅರಿವಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾರವಾರಕ್ಕೆ ಪೂರ್ವದಲ್ಲಿ, ಕಾಳಿ ನದಿಗೆ ಕದ್ರಾದಲ್ಲಿ ಕಟ್ಟಿದ ಜಲಾಶಯದ ದಂಡೆಯ ಮೇಲೆ ಅದು ನಿಂತಿದೆ. ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಲ್ಲಿ ಮೊದಲು ಸಿದ್ಧವಾದುದು 1999ರಲ್ಲಿ ವಿದ್ಯುತ್ ಒದಗಿಸತೊಡಗಿತು, ನಾಲ್ಕನೆಯದು 2011ರಲ್ಲಿ. ಸುತ್ತಲೂ ಸಹ್ಯಾದ್ರಿಯ ಕಾಡು ತುಂಬಿದ ಬೆಟ್ಟಗಳು. ನೆಬ್ರಾಸ್ಕದ ಹುಲ್ಲುಗಾವಲಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಇಂಥ ಕಣಿವೆಯಲ್ಲಿ ಹಗಲು ಬಿಸಿಲಿಗೆ ಕಾದ ಇಳಿಜಾರುಗಳ ಮೇಲೆ ಗಾಳಿ ಏರುತ್ತದೆ. ಕಡಲಗಾಳಿಯೂ ನದಿಯ ದಾರಿ ಹಿಡಿದು ಒಳನಾಡಿಗೆ ಬರಬಹುದು. ರಾತ್ರಿ ಬೆಟ್ಟದ ತಂಪು ಗಾಳಿ ನೀರಿನಂತೆ ಕೆಳಗೆ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಬೆಟ್ಟದ ನೆತ್ತಿಯ ಮೇಲೆ ಬೀಸುವ ಗಾಳಿಗೂ ಕಣಿವೆಯ ಗಾಳಿಗೂ ನಂಟೇ ಇಲ್ಲದಿರಬಹುದು. ಕಾರವಾರದ ಹವಾಮಾನ ವರದಿಯನ್ನು ಓದಿ ಕೈಗಾದ ಗಾಳಿಯನ್ನು ಹೇಳುವುದು ಸಾಧ್ಯವಿಲ್ಲ. ಅಲ್ಲಿಯೇ ಅಳೆಯಬೇಕು, ವರ್ಷಾನುಗಟ್ಟಲೆ, ಮಳೆಯಲ್ಲೂ ಬಿಸಿಲಲ್ಲೂ, ಏನೂ ನಡೆಯದ ದಿನಗಳಲ್ಲೂ ಅಳೆಯಬೇಕು. ನಮ್ಮ ದೇಶದಲ್ಲಿ ಸ್ಥಾವರ ಕೆಲಸ ಆರಂಭಿಸುವುದಕ್ಕೆ ಮೊದಲೇ ಪರಿಸರ ಸಮೀಕ್ಷಾ ಪ್ರಯೋಗಾಲಯವನ್ನು ತೆರೆಯುವ ಪದ್ಧತಿ ಇರುವುದು ಇದಕ್ಕಾಗಿಯೇ. ಸ್ಥಾವರದಿಂದ 16 ಕಿಲೋಮೀಟರಿನವರೆಗಿನ ಊರುಗಳಿಗೆ ತುರ್ತು ಯೋಜನೆಯನ್ನು ರೂಪಿಸಿರುತ್ತಾರೆ. ನಕ್ಷೆಯ ಮೇಲೆ ಅದೊಂದು ವೃತ್ತ. ಆ ವೃತ್ತದೊಳಗೆ ಯಾವ ಊರಿಗೆ ಮೊದಲು ಸುದ್ದಿ ಮುಟ್ಟಿಸಬೇಕೆಂಬುದನ್ನು ಹೇಳಬೇಕಾದುದು ಗೋಪುರ.

ಗೋಪುರವೇ ಎಲ್ಲವನ್ನೂ ಹೇಳಬಲ್ಲದೆಂದು ಭಾವಿಸಬಾರದು. 1986ರ ಏಪ್ರಿಲ್ 26ರಂದು ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ರಿಯಾಕ್ಟರು ಸಿಡಿದಾಗ ಅಲ್ಲಿ ನೆಲದ ಗಾಳಿ ಮಂದವಾಗಿದ್ದು ದಿಕ್ಕು ಬದಲಿಸುತ್ತಿತ್ತು. ಬೆಂಕಿಯ ಶಾಖದಿಂದ ಕಿಲೋಮೀಟರಿಗೂ ಮೇಲೆ ಎದ್ದ ವಿಕಿರಣಶೀಲ ಹೊಗೆಯನ್ನು ಎತ್ತರದ ಆಗ್ನೇಯ ಮಾರುತವು ಹೊತ್ತು ನಡೆಯಿತು. ಏಪ್ರಿಲ್ 28ರ ಬೆಳಿಗ್ಗೆ ಸಾವಿರ ಕಿಲೋಮೀಟರಿಗೂ ದೂರದ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ನೌಕರನೊಬ್ಬನ ಪಾದರಕ್ಷೆಯ ಮೇಲೆ ಅದು ಪತ್ತೆಯಾಗುವವರೆಗೆ ಹೊರಜಗತ್ತಿಗೆ ಸುದ್ದಿಯೇ ಇರಲಿಲ್ಲ.

ಇದಕ್ಕಿಂತ ನಮ್ಮನ್ನು ಹೆಚ್ಚು ಚಿಂತೆಗೆ ಈಡುಮಾಡಬೇಕಾದುದು ಜಪಾನಿನ ಪ್ರಸಂಗ. ಅಲ್ಲಿ ಮಾಪಕಗಳಿಗೂ ಗಣಕಗಳಿಗೂ ಕೊರತೆಯಿರಲಿಲ್ಲ. ಅಪಘಾತವಾದರೆ ವಿಕಿರಣವು ಎತ್ತ ಹರಡುವುದೆಂದು ಗಾಳಿಯ ಆಧಾರದಿಂದ ಮುಂಚಿತವಾಗಿ ಹೇಳುವ ಸ್ಪೀಡಿ ಎಂಬ ವ್ಯವಸ್ಥೆಯನ್ನು ಅವರು ಹಲವು ವರ್ಷಗಳಿಂದ ಬೆಳೆಸಿಕೊಂಡು ಬಂದಿದ್ದರು. 2011ರ ಮಾರ್ಚ್ 11ರಂದು ಭೂಕಂಪವೂ ಸುನಾಮಿಯೂ ಫುಕುಶಿಮಾ ದಾಯಿಚಿ ಸ್ಥಾವರವನ್ನು ಅಪ್ಪಳಿಸಿದುವು. ಮರುದಿನ, ಸ್ಥಾವರಕ್ಕೆ ಉತ್ತರದಲ್ಲಿರುವ ನಾಮಿಯೆ ಪಟ್ಟಣದ ಸಾವಿರಾರು ಜನರು ಮನೆಮಾರುಗಳನ್ನು ಬಿಟ್ಟು, ತಮ್ಮದೇ ಆಡಳಿತಕ್ಕೆ ಸೇರಿದ ತ್ಸುಶಿಮಾ ಎಂಬ ಬೆಟ್ಟದ ಊರಿಗೆ ಹೋದರು. ಸ್ಥಾವರದಿಂದ ದೂರ ಹೋಗಬೇಕೆಂಬುದೇ ಅವರಿಗೆ ತಿಳಿದಿದ್ದ ನಿಯಮ. ಅದರಂತೆ ವಾಯವ್ಯದ ಕಡೆಗೆ ನಡೆದರು. ಮೊದಲ ದಿನಗಳಲ್ಲಿ ಗಾಳಿ ಬಹುಪಾಲು ಸಾಗರದ ಕಡೆಗೇ ಬೀಸುತ್ತಿತ್ತು. ಮಾರ್ಚ್ 15ರಂದು ಅದು ವಾಯವ್ಯಕ್ಕೆ ತಿರುಗಿತು. ಅದೇ ಹೊತ್ತಿಗೆ ಬಿದ್ದ ಮಳೆಯೂ ಹಿಮವೂ ಗಾಳಿಯಲ್ಲಿದ್ದುದನ್ನು ನೆಲಕ್ಕೆ ಇಳಿಸಿದುವು. ತ್ಸುಶಿಮಾ ಆ ದಾರಿಯ ಮೇಲೆಯೇ ಇತ್ತು. ಅಲ್ಲಿ ಆಶ್ರಯ ಪಡೆದಿದ್ದವರು ಆ ದಿನವೇ ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು.

ಸ್ಪೀಡಿ ವ್ಯವಸ್ಥೆಯು ಈ ನಡುವೆ ನಕ್ಷೆಗಳನ್ನು ರಚಿಸುತ್ತಲೇ ಇತ್ತು. ಅವುಗಳಲ್ಲೊಂದು ಸಾರ್ವಜನಿಕರ ಕಣ್ಣಿಗೆ ಬಿದ್ದುದು ಮಾರ್ಚ್ 23ರಂದು. ವಿದ್ಯುತ್ ಕಡಿದುಹೋಗಿ ಸ್ಥಾವರದ ಮಾಪಕಗಳು ನಿಂತುದರಿಂದ ಎಷ್ಟು ವಿಕಿರಣ ಹೊರಬಿದ್ದಿತೆಂದು ತಿಳಿಯದೆ, ಲೆಕ್ಕಕ್ಕೆ ಬೆಲೆಯಿಲ್ಲವೆಂದು ಅಧಿಕಾರಿಗಳು ವಾದಿಸಿದರು. 2014ರಲ್ಲಿ ಆ ದೇಶದ ಪರಮಾಣು ನಿಯಂತ್ರಣ ಸಂಸ್ಥೆಯು ಜನರನ್ನು ಸ್ಥಳಾಂತರಿಸುವ ನಿರ್ಧಾರಕ್ಕೆ ಸ್ಪೀಡಿಯನ್ನು ಬಳಸುವುದಿಲ್ಲವೆಂದು ಸಾರಿತು. ಹೊರಸೂಸುವಿಕೆಯ ಪ್ರಮಾಣವನ್ನೂ ವೇಳೆಯನ್ನೂ ಮೊದಲೇ ಹೇಳಲಾಗದು ಎಂಬುದು ಅದರ ಕಾರಣ. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಎಷ್ಟು ಎಂಬುದು ತಿಳಿಯದಿದ್ದರೂ ಎತ್ತ ಎಂಬುದು ಗಾಳಿಯಿಂದ ತಿಳಿಯುತ್ತಿತ್ತು. ಬೆಟ್ಟದ ಊರಿನ ಶಾಲೆಗಳಲ್ಲಿಯೂ ಸಭಾಭವನಗಳಲ್ಲಿಯೂ ಮಕ್ಕಳೊಡನೆ ಮಲಗಿದ್ದವರಿಗೆ ಬೇಕಾಗಿದ್ದುದು ಅದೊಂದೇ ಉತ್ತರ. ತ್ಸುಶಿಮಾದ ಜನರೂ ಊರು ಬಿಟ್ಟರು. ಅಲ್ಲಿನ ಒಂದು ಸಣ್ಣ ಭಾಗಕ್ಕೆ ಮರಳಿ ಬಂದು ನೆಲೆಸಲು ಅವರಿಗೆ ಅನುಮತಿ ದೊರೆತುದು 2023ರ ಮಾರ್ಚ್ 31ರಂದು, ಹನ್ನೆರಡು ವರ್ಷಗಳ ಬಳಿಕ.